ಹೆದ್ದಾರಿಯಲ್ಲಿ ಪಿಕಪ್ ಗಾಡಿಯ ನಡುಕ: ಪರೀಕ್ಷೆ ಮೊದಲು, ರಿಪೇರಿ ಅನಂತರ

ಬೆಳೆದ ಮಾಲನ್ನು ಪೇಟೆಗೆ ಸಾಗಿಸುವ ಕೆಲಸದಲ್ಲಿ ಎತ್ತಿನ ಗಾಡಿಯ ಸ್ಥಾನವನ್ನು ಈಗ ಬಹುಮಟ್ಟಿಗೆ ಪಿಕಪ್ ಗಾಡಿಯು ಪಡೆದಿರುವುದಷ್ಟೆ. ಕೋಲಾರದ ಟೊಮ್ಯಾಟೊ, ಹಾಸನದ ಆಲೂಗೆಡ್ಡೆ, ಚಿಕ್ಕಬಳ್ಳಾಪುರದ ಹೂವು ಮೊದಲಾದುವು ಹೊಲದಿಂದ ಮಾರುಕಟ್ಟೆಗೆ ಹೋಗುವುದು ಹೆಚ್ಚಾಗಿ ಈ ಗಾಡಿಗಳಲ್ಲಿಯೇ. ಎತ್ತಿಗೆ ಕಾಯಿಲೆಯಾದರೆ ಅದರ ಮೇವು, ನಡೆ, ಉಸಿರು, ಸಗಣಿ ಇವುಗಳನ್ನು ನೋಡಿ ರೋಗವನ್ನು ಊಹಿಸಬಲ್ಲ ರೈತನು, ಗಾಡಿಗೆ ಕೆಡುಕಾದಾಗ ಮಾತ್ರ “ನಡುಗುತ್ತದೆ, ನೋಡಪ್ಪ” ಎಂಬ ಒಂದೇ ಮಾತನ್ನು ಹೇಳಿ ಅದನ್ನು ಗ್ಯಾರೇಜಿನ ಮೇಸ್ತ್ರಿಗೆ ಒಪ್ಪಿಸಿಬಿಡುವನು. ಈ ಪದ್ಧತಿಯು ಹಣಕ್ಕೂ ಜೀವಕ್ಕೂ ಹಾನಿಕರವಾದುದು.

ಗಾಡಿಯು 50 ಕಿಲೋಮೀಟರಿನ ವೇಗದವರೆಗೆ ಸುಮ್ಮನಿದ್ದು, 65 ಅಥವಾ 75ಕ್ಕೆ ಏರಿದೊಡನೆ ನಡುಗತೊಡಗುವುದು ಸಾಮಾನ್ಯವಾದ ದೂರು. ಆಗ ಮೊದಲು ಟೈರು ಬದಲಾಗುವುದು. ನಡುಕ ಹೋಗದಿದ್ದರೆ ಶಾಕ್ ಅಬ್ಸಾರ್ಬರು, ಆಮೇಲೆ ಎಂಜಿನ್ನಿನ ರಬ್ಬರು, ಕಡೆಗೆ ಕ್ಲಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ನಡುಕವೆಂಬುದು ರೋಗವಲ್ಲ, ರೋಗದ ಲಕ್ಷಣ ಮಾತ್ರ. ಅದು ಯಾವ ವೇಗದಲ್ಲಿ, ಯಾವ ಸ್ಥಿತಿಯಲ್ಲಿ ಹುಟ್ಟುವುದೆಂಬುದನ್ನು ಗೊತ್ತುಮಾಡದೆ ಒಂದು ಬೋಲ್ಟನ್ನಾದರೂ ಬಿಚ್ಚತಕ್ಕದ್ದಲ್ಲ.

ಎಂಜಿನ್ನಿನ ಬಲವು ಗೇರ್‌ಬಾಕ್ಸಿನಿಂದ ಹೊರಟು, ಪ್ರೊಪೆಲ್ಲರ್ ಶಾಫ್ಟೆಂಬ ಉದ್ದವಾದ ಕೊಳವೆಯ ಮೂಲಕ ಹಿಂದಿನ ಹೌಸಿಂಗಿಗೆ ತಲಪಿ, ಅಲ್ಲಿಂದ ಚಕ್ರಗಳಿಗೆ ಹೋಗುವುದು. ಈ ಶಾಫ್ಟಿನ ಎರಡು ತುದಿಗಳಲ್ಲಿಯೂ ಕ್ರಾಸ್ ಎಂದು ಕರೆಯಲ್ಪಡುವ ಕೀಲುಗಳುಂಟು. ಉದ್ದವಾದ ಗಾಡಿಗಳಲ್ಲಿ ಶಾಫ್ಟು ಎರಡು ತುಂಡಾಗಿದ್ದು, ನಡುವೆ ರಬ್ಬರಿನಲ್ಲಿ ಕೂರಿಸಿದ ಸೆಂಟರ್ ಬೇರಿಂಗು ಇರುವುದು. ಟೈರಿನ ಸುತ್ತಳತೆ ಸುಮಾರು 2.2 ಮೀಟರ್ ಎಂದಿಟ್ಟುಕೊಂಡರೆ, 80 ಕಿಲೋಮೀಟರಿನ ವೇಗದಲ್ಲಿ ಚಕ್ರವು ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುವುದು. ಹೌಸಿಂಗಿನ ಹಲ್ಲುಗಳ ಪ್ರಮಾಣವು 4ಕ್ಕೆ 1 ಆಗಿದ್ದರೆ ಶಾಫ್ಟು ಅದೇ ಹೊತ್ತಿನಲ್ಲಿ 40 ಸುತ್ತು ತಿರುಗುವುದು. ಆದುದರಿಂದ ಚಕ್ರದ ದೋಷವು ನಿಧಾನವಾದ ಕುಲುಕಾಟವಾಗಿಯೂ, ಶಾಫ್ಟಿನ ದೋಷವು ತುಂಬಿಯು ಗುಂಯ್‌ಗುಟ್ಟಿದಂತೆ ಸಣ್ಣದಾಗಿ, ಬೇಗಬೇಗನೆ ಬರುವ ಅದಿರಾಟವಾಗಿಯೂ ತೋರುವುದು. ತೂಕದ ಅಸಮತೆಯಿಂದ ಹುಟ್ಟುವ ಎಳೆತವು ವೇಗ ಇಮ್ಮಡಿಯಾದರೆ ನಾಲ್ಮಡಿಯಾಗುವುದು. 40ರಲ್ಲಿ ತಿಳಿಯದೆ ಇದ್ದ ದೋಷವು 80ರಲ್ಲಿ ಕುಳಿತವರನ್ನು ಕುಣಿಸುವುದು ಇದರಿಂದಲೇ.

ಮೊದಲನೆಯ ಪರೀಕ್ಷೆಗೆ ಕಾಸಿನ ಖರ್ಚೂ ಇಲ್ಲ. ಜನಸಂಚಾರವಿಲ್ಲದ ನೇರವಾದ ರಸ್ತೆಯಲ್ಲಿ, ಕಾನೂನಿನ ಮಿತಿಯೊಳಗಿನ ವೇಗದಲ್ಲಿ, ಗಾಡಿಯನ್ನು ನಡುಕ ಬರುವವರೆಗೆ ನಡೆಸತಕ್ಕದ್ದು. ಅದೇ ವೇಗವನ್ನು ಉಳಿಸಿಕೊಂಡು ಐದನೆಯ ಗೇರಿನಿಂದ ನಾಲ್ಕಕ್ಕೆ ಇಳಿಸಿದರೆ ಎಂಜಿನ್ನಿನ ಸುತ್ತು ಬದಲಾಗುವುದು, ಶಾಫ್ಟಿನ ಸುತ್ತು ಬದಲಾಗದು. ಆಗಲೂ ನಡುಕವು ಹಾಗೆಯೇ ಇದ್ದರೆ ಎಂಜಿನ್ನು ನಿರ್ದೋಷಿ. ಅನಂತರ ಅದೇ ವೇಗದಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದು ಸ್ವಲ್ಪ ದೂರ ಉರುಳಲು ಬಿಡಬೇಕು. ನಡುಕ ನಿಲ್ಲದಿದ್ದರೆ ದೋಷವು ಟೈರು, ಚಕ್ರ, ಇಲ್ಲವೆ ಶಾಫ್ಟಿನ ತೂಕದಲ್ಲಿರುವುದು. ಆಕ್ಸಿಲರೇಟರನ್ನು ಒತ್ತಿದಾಗ ಮಾತ್ರ ಬರುತ್ತಿದ್ದರೆ ಕೀಲುಗಳ ಸವೆತವನ್ನೋ ಕೋನವನ್ನೋ ಶಂಕಿಸಬೇಕು. ಈ ಪರೀಕ್ಷೆಯಲ್ಲಿ ಎಂಜಿನ್ನನ್ನು ಆರಿಸಕೂಡದು. ಆರಿಸಿದರೆ ಬ್ರೇಕಿಗೂ ಸ್ಟಿಯರಿಂಗಿಗೂ ದೊರೆಯುವ ಸಹಾಯವು ತಪ್ಪುವುದು. ವೇಗ, ಗೇರು, ಹೊರೆ ಇವನ್ನೆಲ್ಲ ಪಕ್ಕದಲ್ಲಿ ಕುಳಿತವನು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಉತ್ತಮ.

ಎರಡನೆಯದು ಚಕ್ರಗಳ ಪರೀಕ್ಷೆ. ಉತ್ತ ಹೊಲದಲ್ಲಿ ಇಳಿದು ಬಂದ ಗಾಡಿಯ ರಿಮ್ಮಿನ ಒಳಗಡೆ ಜೇಡಿಮಣ್ಣು ಮೆತ್ತಿ ಒಣಗಿದ್ದರೆ, ಅಷ್ಟರಿಂದಲೇ ಚಕ್ರದ ತೂಕವು ಒಂದು ಕಡೆಗೆ ವಾಲುವುದು. ಇಂಥ ನಡುಕಕ್ಕೆ ಒಂದು ಬಕೆಟ್ಟು ನೀರೇ ಔಷಧಿ. ಟೈರಿನ ಗಾಳಿ, ಪಕ್ಕದ ಉಬ್ಬು, ರಿಸೋಲ್ ಮಾಡಿದ ಪಟ್ಟಿಯ ಬಿರುಕು, ನಟ್ಟುಗಳ ಬಿಗಿ ಇವನ್ನೂ ನೋಡತಕ್ಕದ್ದು. ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿದಾಗ, ಆಸನದಲ್ಲಿದ್ದ ನಡುಕವು ಸ್ಟಿಯರಿಂಗಿಗೆ ಬಂದರೆ ಅಪರಾಧಿಯು ಚಕ್ರವೇ ಎಂದು ತಿಳಿಯಬಹುದು.

ಮೂರನೆಯದು ಶಾಫ್ಟು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು ಕೆಳಗೆ ನೋಡಬೇಕು. ಶಾಫ್ಟಿಗೆ ಪ್ಲಾಸ್ಟಿಕ್ ಹುರಿಯಾಗಲಿ, ತಂತಿಯಾಗಲಿ ಸುತ್ತಿಕೊಂಡಿರಬಹುದು. ಕಲ್ಲು ಬಡಿದು ಕೊಳವೆಯು ತಗ್ಗಾಗಿರಬಹುದು. ತೂಕ ಸರಿಮಾಡಲು ಕಾರ್ಖಾನೆಯಲ್ಲಿ ಬೆಸೆದಿದ್ದ ಸಣ್ಣ ತಗಡಿನ ತುಂಡು ಕಳಚಿ ಬಿದ್ದು ಅದರ ಗುರುತು ಮಾತ್ರ ಉಳಿದಿರಬಹುದು. ಕ್ರಾಸಿನ ಬಟ್ಟಲುಗಳ ಸುತ್ತ ತುಕ್ಕಿನ ಬಣ್ಣದ ಪುಡಿ ಕಂಡರೆ, ಒಳಗಿನ ಸೂಜಿ ಬೇರಿಂಗುಗಳು ಗ್ರೀಸಿಲ್ಲದೆ ಒಣಗಿವೆಯೆಂದು ಅರ್ಥ. ಕೈಯಿಂದ ಮೇಲೆ ಕೆಳಗೆ ಅಲ್ಲಾಡಿಸಿದಾಗ ಕೀಲಿನಲ್ಲಿ ಸಡಿಲ ಕಂಡರೂ, ಗಾಡಿ ಹೊರಡುವಾಗ ಲಟಕ್ಕೆಂಬ ಶಬ್ದ ಬಂದರೂ ಕ್ರಾಸನ್ನು ಪರೀಕ್ಷಿಸಲು ತಡಮಾಡಬಾರದು. ಶಾಫ್ಟನ್ನು ಬಿಚ್ಚುವ ಮುನ್ನ ಎರಡು ಕಡೆಯ ಫ್ಲ್ಯಾಂಜುಗಳಿಗೂ ಜಾರುಕೀಲಿಗೂ ಬಣ್ಣದ ಗೆರೆಯೆಳೆದು, ಇದ್ದಂತೆಯೇ ಕೂರಿಸಬೇಕು. ಒಂದು ಹಲ್ಲು ತಪ್ಪಿ ಕೂಡಿಸಿದರೆ ಎರಡು ಕೀಲುಗಳ ಸಾಲು ತಪ್ಪಿ, ಇಲ್ಲದ ನಡುಕವೂ ಹುಟ್ಟುವುದು. ಬೆಸುಗೆ ಮಾಡಿಸಿದ ಶಾಫ್ಟನ್ನು ಯಂತ್ರದಲ್ಲಿ ತಿರುಗಿಸಿ ತೂಕ ನೋಡಿಸದೆ ಹಾಕಿಕೊಳ್ಳತಕ್ಕದ್ದಲ್ಲ.

ಇನ್ನು ಕೋನದ ವಿಷಯ. ನಮ್ಮ ನಾಡಿನ ಗಾಡಿಗಳಲ್ಲಿ ಹೆಚ್ಚು ಗಮನಿಸತಕ್ಕದ್ದೂ, ಬಹುಮಂದಿಯ ಕಣ್ಣಿಗೆ ಬೀಳದೆ ಹೋಗುವುದೂ ಇದೇ. ಹೆಚ್ಚು ಹೊರೆ ಹೇರಬೇಕೆಂಬ ಆಶೆಯಿಂದ ಹಿಂದಿನ ಸ್ಪ್ರಿಂಗುಗಳಿಗೆ ಒಂದೆರಡು ಪಟ್ಟಿಗಳನ್ನು ಹೆಚ್ಚಾಗಿ ಸೇರಿಸುವ ವಾಡಿಕೆಯುಂಟು. ಇದರಿಂದ ಗಾಡಿಯ ಹಿಂಭಾಗವು ಮೇಲೆದ್ದು, ಶಾಫ್ಟಿನ ಇಳಿಜಾರು ಹೆಚ್ಚಿ, ಕ್ರಾಸುಗಳು ಬಗ್ಗಿಕೊಂಡೇ ತಿರುಗಬೇಕಾಗುವುದು. ಬಗ್ಗಿದ ಕ್ರಾಸಿನ ಗುಣವೇನೆಂದರೆ, ಒಂದು ಕಡೆಯ ಶಾಫ್ಟು ಸಮನಾಗಿ ತಿರುಗಿದರೂ ಇನ್ನೊಂದು ಕಡೆಯದು ಸುತ್ತಿಗೆ ಎರಡು ಸಲ ಮುನ್ನುಗ್ಗಿ, ಎರಡು ಸಲ ಹಿಂದೆಗೆಯುವುದು. ಕೋನವು 10 ಡಿಗ್ರಿಯಾದರೆ ಈ ಏರಿಳಿತವು ಶೇಕಡಾ ಒಂದೂವರೆಯಷ್ಟು ಮೇಲೂ ಅಷ್ಟೇ ಕೆಳಗೂ ಆಗುವುದು. ಎರಡು ತುದಿಯ ಕೋನಗಳು ಸಮನಾಗಿದ್ದರೆ ಒಂದರ ತಪ್ಪನ್ನು ಮತ್ತೊಂದು ತಿದ್ದುವುದಾದರೂ, ನಡುವಿನ ಶಾಫ್ಟು ಮಾತ್ರ ಉಬ್ಬಸಪಡುತ್ತಲೇ ಇರುವುದು. ಹೆದ್ದಾರಿಯ ವೇಗಕ್ಕೆ ಪ್ರತಿಯೊಂದು ಕೀಲಿನ ಕೋನವೂ 3 ಡಿಗ್ರಿಗಳನ್ನು ಮೀರದೆ, ಎರಡರ ವ್ಯತ್ಯಾಸವು 1 ಡಿಗ್ರಿಯೊಳಗಿರುವುದು ಲೇಸು. ಸೂಜಿ ಬೇರಿಂಗುಗಳು ಆಡುವುದಕ್ಕೆ ಸ್ವಲ್ಪ ಕೋನವು ಇರಲೂಬೇಕು. ಈಗಿನ ಮೊಬೈಲು ಫೋನುಗಳಲ್ಲಿರುವ ಮಟ್ಟಗೋಲಿನಿಂದಲೇ ಇದನ್ನು ಸ್ಥೂಲವಾಗಿ ಅಳೆಯಬಹುದು.

ಈ ದೋಷಕ್ಕೆ ಒಂದು ಗುರುತುಂಟು. ಗಾಡಿಯು ಖಾಲಿಯಾಗಿದ್ದಾಗ ನಡುಗಿ, ಹೊರೆ ಹೇರಿದಾಗ ಸ್ಪ್ರಿಂಗು ತಗ್ಗಿ ಕೋನ ಕಡಿಮೆಯಾಗಿ ನಡುಕವೂ ಇಳಿಯುವುದು. “ಖಾಲಿ ಗಾಡಿ ಕುಣಿಯುವುದು ಸಹಜ” ಎಂದು ಸಮಾಧಾನಪಟ್ಟುಕೊಳ್ಳುವವರು ಇದನ್ನು ಚೆನ್ನಾಗಿ ಆಲೋಚಿಸಬೇಕು. ಮಿತಿಮೀರಿ ಹೇರುವುದು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪರಾಧವು. ಆ ಹೇರಿಕೆಗಾಗಿ ಹಾಕಿಸಿದ ಪಟ್ಟಿಯೇ ಹಿಂದಿರುಗುವ ದಾರಿಯಲ್ಲಿ ಕ್ರಾಸನ್ನು ಸವೆಸುತ್ತಿರುವಾಗ ಲಾಭವೆಲ್ಲಿ ಉಳಿಯಿತು?

ನಡುಕವನ್ನು ಸಹಿಸಿಕೊಂಡು ಓಡಿಸುವುದರ ಫಲವು ಘೋರವಾದುದು. ಮೊದಲು ಗೇರ್‌ಬಾಕ್ಸು, ಹೌಸಿಂಗುಗಳ ಸೀಲುಗಳು ಕೆಟ್ಟು ಎಣ್ಣೆ ಸೋರುವುದು. ಕಡೆಗೆ ಮುಂದಿನ ಕ್ರಾಸು ಮುರಿದರೆ ಶಾಫ್ಟಿನ ತುದಿಯು ನೆಲಕ್ಕೆ ಬಿದ್ದು ರಸ್ತೆಗೆ ನಾಟಿ, ಓಡುತ್ತಿರುವ ಗಾಡಿಯನ್ನೇ ಎತ್ತಿಹಾಕಬಹುದು. ಪರೀಕ್ಷೆಯಲ್ಲಿಯೂ ಎಚ್ಚರವು ಅವಶ್ಯ. ಬರಿಯ ಜ್ಯಾಕನ್ನು ನಂಬಿ ಗಾಡಿಯ ಕೆಳಗೆ ಹೋಗಕೂಡದು. ಚಕ್ರಗಳನ್ನೆತ್ತಿ ಗೇರಿನಲ್ಲಿ ಓಡಿಸುತ್ತ ಕೆಳಗೆ ನೋಡುವ ಸಾಹಸವನ್ನಂತೂ ಎಂದಿಗೂ ಮಾಡಬಾರದು. ಶಾಫ್ಟನ್ನು ಕಳಚಿದ ಮೇಲೆ ಗೇರು ಗಾಡಿಯನ್ನು ಹಿಡಿದು ನಿಲ್ಲಿಸಲಾರದೆಂಬುದನ್ನು ಮರೆಯತಕ್ಕದ್ದಲ್ಲ.

ಸುಗ್ಗಿಯ ಕಾಲದಲ್ಲಿ ಇಷ್ಟೆಲ್ಲ ಪರೀಕ್ಷೆಗೆ ಬಿಡುವೆಲ್ಲಿ ಎಂದು ಕೆಲವರು ಕೇಳಬಹುದು. ಹೇಳಿದ ರಸ್ತೆಯ ಪರೀಕ್ಷೆಗೆ ಹಿಡಿಯುವುದು ಅರ್ಧ ಗಂಟೆ. ತಪ್ಪು ಭಾಗವನ್ನು ಬದಲಾಯಿಸಿ, ಮತ್ತೆ ಗ್ಯಾರೇಜಿಗೆ ತಿರುಗುವುದಕ್ಕೆ ದಿನಗಳೇ ಬೇಕು. ಮೇಸ್ತ್ರಿಯನ್ನು ದೂರುವುದೂ ನ್ಯಾಯವಲ್ಲ. ರೋಗಿಯ ಕಡೆಯವರು ಲಕ್ಷಣವನ್ನೇ ಹೇಳದಿದ್ದರೆ ವೈದ್ಯನು ತಾನೆ ಏನು ಮಾಡಿಯಾನು? ಆದಕಾರಣ ರೈತ ಸಂಪರ್ಕ ಕೇಂದ್ರಗಳಲ್ಲಿ ಬೆಳೆಯ ರೋಗಗಳನ್ನು ಗುರುತಿಸುವ ಬಗೆಯನ್ನು ತಿಳಿಸುವಂತೆಯೇ, ಮಾಲು ಸಾಗಿಸುವ ಗಾಡಿಯ ರೋಗಗಳನ್ನು ಗುರುತಿಸುವ ಬಗೆಯನ್ನೂ ವರ್ಷಕ್ಕೊಂದು ದಿನ ತೋರಿಸಿಕೊಡುವುದು ಯುಕ್ತವಾಗಿರುವುದು. ಅಲ್ಲಿಯವರೆಗೆ ಪ್ರತಿಯೊಬ್ಬ ಗಾಡಿಯ ಯಜಮಾನನೂ ಗ್ಯಾರೇಜಿಗೆ ಹೋಗುವಾಗ ವೇಗ, ಗೇರು, ಹೊರೆ ಈ ಮೂರನ್ನೂ ಬರೆದ ಚೀಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗತಕ್ಕದ್ದು.