ಮರಸು ಕೂರೋರಿಗೆ ನಮ್ಮೂರ ಗುಡ್ಡ ಬಿಟ್ಟುಕೊಡೋಕಾಗಲ್ಲ

ಬ್ಲಾಗಿಗೆ ಧೂಳು ಹಿಡಿದು ಬಹಳ ದಿನ ಆಗಿತ್ತು. ಆಫೀಸಲ್ಲಿ ರಿಲೀಸ್ ಮುಗಿದು ಸ್ವಲ್ಪ ಉಸಿರು ಬಿಡೋ ಹೊತ್ತಿಗೆ ಬರೆಯೋಕೆ ಒಂದು ವಿಷಯ ಸಿಕ್ಕಿತು. ಸಿಕ್ಕಿತು ಅನ್ನೋದಕ್ಕಿಂತ ಕೆಣಕಿತು ಅನ್ನಬೇಕು.

ಹಂದಿ, ಜಿಂಕೆ ಬೆಳೆ ತಿಂದವು ಅನ್ನೋ ಸುದ್ದಿ ಬಂದಾಗಲೆಲ್ಲ ನಮ್ಮ ಓದಿದ ಮಂದಿ, ಅದರಲ್ಲೂ ನಮ್ಮಂಥ ಸಾಫ್ಟ್‌ವೇರ್ ಮಂದಿ, ಒಂದು ಸಿದ್ಧ ಪರಿಹಾರ ಹೇಳ್ತಾರೆ. "ಅಮೆರಿಕದಲ್ಲಿ ನೋಡ್ರಿ, ಸರ್ಕಾರಿ ಕಾಡಲ್ಲೇ ಬೇಟೆಗೆ ಲೈಸೆನ್ಸ್ ಕೊಡ್ತಾರೆ. ಮಡಚೋ ಅಟ್ಟಣಿಗೆ ಬೆನ್ನಿಗೆ ಹಾಕ್ಕೊಂಡು ಹೋಗ್ತಾರೆ, ಮರಕ್ಕೆ ಕಟ್ತಾರೆ, ಮೇಲೆ ಕೂತು ಹೊಡೀತಾರೆ. ಸರ್ಕಾರಕ್ಕೆ ರೊಕ್ಕ, ರೈತನಿಗೆ ನೆಮ್ಮದಿ, ಹೊಡೆದವನಿಗೆ ಮಾಂಸ. ನಮ್ಮಲ್ಲೂ ಬಿಡಬೇಕು." ಪೆನ್ಸಿಲ್ವೇನಿಯಾದಲ್ಲಿರೋ ನಮ್ಮ ಸಿಂಧನೂರಿನ ಗೆಳೆಯನೊಬ್ಬ ತನ್ನ ಮ್ಯಾನೇಜರ್ ಮರದ ಮೇಲೆ ಕೂತ ಫೋಟೋ ಕಳಿಸಿ, "ನೀರಮಾನ್ವಿ ಗುಡ್ಡಕ್ಕೆ ಇಂಥವು ಹತ್ತು ಸಾಕಲೇ, ಹಂದಿ ಸಮಸ್ಯೆ ಮುಗೀತು" ಅಂತ ಬರೆದಿದ್ದ. ಅವನಿಗೆ ಫೋನಲ್ಲಿ ಹೇಳಿದ್ದು ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಆ ಅಟ್ಟಣಿಗೆ ಬಗ್ಗೆ. ಅದೇನೂ ಅಮೆರಿಕದವರ ಆವಿಷ್ಕಾರ ಅಲ್ಲ. ಮಲೆನಾಡಿನವರು ಇದಕ್ಕೆ 'ಮರಸು' ಅಂತಾರೆ. ಹಣ್ಣು ಬಿಟ್ಟ ಮರದ ಹತ್ತಿರವೋ, ಪ್ರಾಣಿ ನೀರಿಗೆ ಬರೋ ದಾರೀಲೋ ಮರದ ಮೇಲೆ ಅಡಗಿ ಕೂತು ಕಾಯೋದು, ಮರಸು ಕೂರೋದು. ಹಿಂದಿಯವರ ಮಚಾನು ಇದೇ. ಕೆನೆತ್ ಆಂಡರ್ಸನ್ ಅಂತೂ ಮಡಚೋ ಮಂಚವನ್ನೇ ಮಚಾನು ಮಾಡಿಕೊಂಡು ಜೊತೆಗೇ ಒಯ್ಯುತ್ತಿದ್ದ. ಪೋರ್ಟಬಲ್ ಅನ್ನೋ ಮಾತಿಗೆ ಬೇಕಾದರೆ ಅವನೇ ನಮ್ಮ ಕಡೆಯ ಮೂಲಪುರುಷ :-) ಈಗಿನದು ಅಲ್ಯೂಮಿನಿಯಂದು, ಹಗುರ. ಕೆಲವು ಬೆಲ್ಟಲ್ಲಿ ಕಾಂಡಕ್ಕೆ ಬಿಗಿಯೋಂಥವು, ಕೆಲವು ಏಣಿ ಸಮೇತ ಬರೋಂಥವು. ಇನ್ನೊಂದು ಜಾತಿ ಎರಡು ತುಂಡಿನದು. ಒಂದರ ಮೇಲೆ ಕೂತು ಇನ್ನೊಂದನ್ನು ಮೇಲಕ್ಕೆ ಜರುಗಿಸುತ್ತಾ ತೆಂಗಿನ ಮರ ಹತ್ತಿದ ಹಾಗೆ ಹತ್ತಬೇಕು. ಮೈಗೆ ಪೂರ್ತಿ ಹಾರ್ನೆಸ್ ಕಟ್ಟಿಕೊಳ್ಳದೆ ಹತ್ತಬೇಡಿ ಅಂತ ಅಲ್ಲಿಯವರು ಬಡಕೊಳ್ತಾನೇ ಇರ್ತಾರೆ. ಬಿದ್ದು ಸೊಂಟ ಮುರಿದುಕೊಳ್ಳೋರು ಅಲ್ಲೂ ಇದ್ದಾರೆ.

ಆ ಎರಡು ತುಂಡಿನ ಯಂತ್ರಕ್ಕೆ ಕೆಳಗಿಂದ ಮೇಲಿನವರೆಗೆ ಕೊಂಬೆ ಇಲ್ಲದ ನೆಟ್ಟಗಿನ ಕಾಂಡ ಬೇಕು. ನೀರಮಾನ್ವಿಯಿಂದ ದೇವದುರ್ಗದವರೆಗೆ ಬೈಕಲ್ಲಿ ಹೋಗಿ ಅಂಥ ಮರ ಹುಡುಕಿ ಕೊಡಿ, ಚಹಾ ನನ್ನ ಲೆಕ್ಕ. ರಾಜ್ಯದಲ್ಲೇ ಅರಣ್ಯ ತೀರಾ ಕಡಿಮೆ ಇರೋ ಜಿಲ್ಲೆಗಳಲ್ಲಿ ನಮ್ಮದೊಂದು. ಇರೋದು ಎರೆ ಹೊಲ, ನಡುನಡುವೆ ಬಂಡೆ ಒಟ್ಟಿದಂಥ ಗುಡ್ಡ, ಬದುವಿನ ಮೇಲೆ ಬೇವು, ಉಳಿದ ಕಡೆಯೆಲ್ಲ ಬಳ್ಳಾರಿ ಜಾಲಿ. ಬೇವು ಆಳೆತ್ತರಕ್ಕೇ ಕವಲು ಒಡೆಯುತ್ತೆ. ಜಾಲಿಗೆ ಕಾಂಡ ಯಾವುದು ಕೊಂಬೆ ಯಾವುದು ಅಂತ ಜಾಲಿಗೂ ಗೊತ್ತಿಲ್ಲ, ಮೇಲೆ ಕೂತವನಿಗೆ ಹಂದಿ ಬರೋಕೆ ಮುಂಚೆ ಮುಳ್ಳು ಬಂದಿರುತ್ತೆ.

ಇದು ತಮಾಷೆ ಮಾತಾಯ್ತು. ನನ್ನ ನಿಜವಾದ ತಕರಾರು ಮರದ್ದಲ್ಲ, ನೆಲದ್ದು.

ಅಮೆರಿಕದ ಮಾತು ಎತ್ತೋರು ಕುರ್ಚಿಯ ಫೋಟೋ ಕಳಿಸ್ತಾರೆ, ಅದರ ಕೆಳಗಿರೋ ನಿಯಮ ಕಳಿಸಲ್ಲ. ಪೆನ್ಸಿಲ್ವೇನಿಯಾನೇ ತಗೊಳ್ಳಿ. ಅಲ್ಲಿ ಬೇಟೆಗೆ ಅಂತಲೇ ರಾಜ್ಯ ಕೊಂಡು ಇಟ್ಟಿರೋ ನೆಲ 15 ಲಕ್ಷ ಎಕರೆಗೂ ಹೆಚ್ಚು. ಅಲ್ಲಿ ಅಟ್ಟಣಿಗೆ ಕಟ್ಟೋನು ಮರಕ್ಕೆ ಗಾಯ ಮಾಡುವಂತಿಲ್ಲ. ಜಿಂಕೆ ಸೀಸನ್ನಿಗೆ ಎರಡು ವಾರ ಮುಂಚೆ ಕಟ್ಟಬಹುದು, ಮುಗಿದ ಎರಡು ವಾರದೊಳಗೆ ಬಿಚ್ಚಬೇಕು. ಅದರ ಮೇಲೆ ಯಾರದು ಅಂತ ಗುರುತು ಇರಬೇಕು. ಯಾಕೆ ಇಷ್ಟೆಲ್ಲ? ಸರ್ಕಾರಿ ನೆಲದ ಮೇಲೆ ಒಬ್ಬ ಖಾಯಂ ಕುರ್ಚಿ ಹಾಕಿದರೆ ನಾಳೆ ಆ ನೆಲವೇ ತನ್ನದು ಅಂತಾನೆ ಅನ್ನೋದು ಅವರಿಗೂ ಗೊತ್ತು. ಇದರ ಹಿಂದೆ ಇನ್ನೂ ಹಳೇ ಏರ್ಪಾಡು ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಬೇಟೆ ಬಂದೂಕು, ಮದ್ದುಗುಂಡಿನ ಮೇಲೆ ಶೇ. 11 ತೆರಿಗೆ, ಅದು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತೆ. ಇಂತಿಷ್ಟು ಪ್ರಾಣಿ ಅಂತ ಲೆಕ್ಕ ಹಾಕಿ ಟ್ಯಾಗು ಕೊಡ್ತಾರೆ. ಹೊಡೆದ ಮೇಲೆ ವರದಿ ಕೊಡಬೇಕು. ಎಂಬತ್ತು ತೊಂಬತ್ತು ವರ್ಷ ಕೂತು ಕಟ್ಟಿದ ವ್ಯವಸ್ಥೆ ಅದು. ನಮ್ಮ ಭಾಷೇಲಿ ಹೇಳೋದಾದರೆ, ಲೈಬ್ರರಿ ಇಲ್ಲ, ಡೇಟಾಬೇಸ್ ಇಲ್ಲ, ಬರೀ ಬಟನ್ ಕಾಪಿ ಮಾಡಿ ಪೇಜಲ್ಲಿ ಅಂಟಿಸಿದರೆ ಒತ್ತಿದಾಗ ಏನಾಗುತ್ತೆ ಅಂತ ನಿಮಗೇ ಗೊತ್ತಲ್ಲ.

ಇನ್ನು ನಮ್ಮ ಸರ್ಕಾರಿ ನೆಲ. ನಮ್ಮ ಕಡೆ ಅದು ಗಾಯರಾಣ, ಇಲ್ಲ ಗುಡ್ಡ. ಕಾಗದದ ಮೇಲೆ ಸರ್ಕಾರದ್ದು, ನಡಿಗೇಲಿ ಊರಿನದು. ಅಲ್ಲಿ ಯಾರೂ ಇರಲ್ಲ ಅಂತ ಬೆಂಗಳೂರಲ್ಲಿ ಕೂತವರು ತಿಳಿದಿರ್ತಾರೆ. ಕುರಿಯವರು ಮಂದೆ ಹಾಕಿ ರಾತ್ರಿ ಅಲ್ಲೇ ಮಲಗ್ತಾರೆ, ಕರಿ ಕಂಬಳಿ ಹೊದ್ದು. ಜಾಲಿ ಕಟ್ಟಿಗೆಗೆ ಹೆಣ್ಣುಮಕ್ಕಳು ಬೆಳಕು ಹರಿಯೋಕೆ ಮುಂಚೆ ಹೋಗ್ತಾರೆ. ನಸುಕಲ್ಲಿ ಚೊಂಬು ಹಿಡಿದು ಹೋಗೋರು ಇನ್ನೂ ಇದ್ದಾರೆ, ಅದು ನಾಚಿಕೆಯ ಮಾತಾದರೂ ನಿಜ. ಕಾಲುವೆ ಕೊನೆ ಭಾಗದ ನೆಲ ನಮ್ಮದು. ತುಂಗಭದ್ರಾ ಎಡದಂಡೆ ನೀರು ಯಾವಾಗ ಬರುತ್ತೋ ಆವಾಗ, ರಾತ್ರಿ ಎರಡಾಗಲಿ ಮೂರಾಗಲಿ, ಸಲಿಕೆ ಹಿಡಿದು ಓಡಬೇಕು. ಹಂದಿ ಹೊರಬೀಳೋ ಹೊತ್ತೂ ಅದೇ, ಮರಸು ಕೂರೋನ ಹೊತ್ತೂ ಅದೇ. ಕತ್ತಲಲ್ಲಿ ಕರಿ ಕಂಬಳಿ ಅಲುಗಾಡಿದರೆ ಮರದ ಮೇಲಿರೋನಿಗೆ ಏನು ಕಾಣಿಸುತ್ತೆ? ಹಂದಿ ಅಂದುಕೊಂಡು ಮನುಷ್ಯನಿಗೆ ಗುಂಡು ಹಾರಿಸಿದ ಸುದ್ದಿ ಕೊಡಗು, ಚಿಕ್ಕಮಗಳೂರು ಕಡೆಯಿಂದ ಆಗಾಗ ಬರ್ತಾನೇ ಇರುತ್ತೆ. ಅಲ್ಲಿ ಜನ ದೂರ ದೂರ, ತೋಟದ ಮನೆಗಳು. ಇಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತೆ.

"ಮೇಲಿಂದ ಹೊಡೆದರೆ ಗುಂಡು ನೆಲಕ್ಕೇ ಇಳಿಯುತ್ತೆ, ಅದಕ್ಕೇ ಅಟ್ಟಣಿಗೆ ಸುರಕ್ಷಿತ" ಅಂತ ನನ್ನ ಗೆಳೆಯ ವಾದ ಮಾಡಿದ. ಮಾತು ಸರಿ, ಒಪ್ಪಿದೆ. ಮೆತ್ತನೆ ಮಣ್ಣಿದ್ದಲ್ಲಿ ಸರಿ. ನೀರಮಾನ್ವಿ ಗುಡ್ಡದಲ್ಲಿ ಗುಂಡಿಗೆ ಸಿಗೋದು ಕಲ್ಲು. ಕಲ್ಲಿಗೆ ಬಡಿದ ಗುಂಡು ಆಮೇಲೆ ಯಾವ ದಿಕ್ಕಿಗೆ ಹೋಗುತ್ತೆ ಅನ್ನೋದಕ್ಕೆ ಇಂಜಿನಿಯರಿಂಗ್ ಮೊದಲ ವರ್ಷದ ಫಿಸಿಕ್ಸ್ ಕೂಡ ಬೇಡ.

ಕಾನೂನಿನ ವಿಷಯಕ್ಕೆ ಬರೋಣ, ಅದನ್ನೂ ಅರ್ಧಂಬರ್ಧ ಹೇಳೋರೇ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೇಲಿ ಬೇಟೆ ಅಂದರೆ ಕೊಲ್ಲೋದಷ್ಟೇ ಅಲ್ಲ. ಹಿಡಿಯೋದು, ಉರುಳು ಹಾಕೋದು, ಓಡಿಸಿಕೊಂಡು ಹೋಗೋದು, ಆಸೆ ತೋರಿಸಿ ಕರೆಯೋದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಬಂದೂಕು ಹಿಡಿದು ಅಟ್ಟಣಿಗೆ ಮೇಲೆ ಕೂತು, "ನಾನಿನ್ನೂ ಹೊಡೆದಿಲ್ಲ ಸಾರ್" ಅಂದರೆ ಅಷ್ಟಕ್ಕೇ ಬಚಾವಾಗಲ್ಲ. 2022ರ ತಿದ್ದುಪಡಿಯಾದ ಮೇಲೆ ಮೊಲ, ಕಾಡುಹಂದಿ ಎರಡೂ ಎರಡನೇ ಅನುಸೂಚಿಯಲ್ಲಿವೆ. ಹಂದಿ ಬೆಳೆ ಹಾಳು ಮಾಡ್ತಿದ್ದರೆ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಅನುಮತಿ ಕೊಡಬಹುದು, ಕಾರಣ ಬರೆದು. ಕೇರಳದವರು 2022ರಲ್ಲಿ ಈ ಅಧಿಕಾರವನ್ನ ಪಂಚಾಯ್ತಿ ಅಧ್ಯಕ್ಷರ ಮಟ್ಟಕ್ಕೇ ಇಳಿಸಿದರು. ಅಂದರೆ ಹಂದಿ ಮುಟ್ಟಲೇಬಾರದು ಅಂತ ಕಾನೂನು ಎಲ್ಲೂ ಹೇಳಿಲ್ಲ. ಇಂಥ ಜಾಗ, ಇಂಥ ಕಾರಣ, ಇಂಥ ಪ್ರಾಣಿ ಅಂತ ಗುರುತಿಸಿ ಜವಾಬ್ದಾರಿ ಹೊತ್ತು ಮಾಡು ಅಂತ ಹೇಳಿದೆ. ಹೊಲದ ಕಾಟ ತಪ್ಪಿಸೋದು ಬೇರೆ, ಟಿಕೆಟ್ ತಗೊಂಡು ಶೋಕಿಗೆ ಕೂರೋದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬೋದೇ ನನಗೆ ಸಿಟ್ಟು ಬರಿಸೋದು.

ಅದೂ ಅಲ್ಲದೆ ನಮ್ಮ ಕಡೆ ಎಳೇ ಹತ್ತಿ, ತೊಗರಿ, ಶೇಂಗಾ ತಿನ್ನೋದು ಹಂದಿ ಒಂದೇ ಅಲ್ಲ. ಜಿಂಕಿ ಹಿಂಡು ಬರುತ್ತೆ. ಜಿಂಕಿ ಅಂದರೆ ಕೃಷ್ಣಮೃಗ, ಮೊದಲನೇ ಅನುಸೂಚಿ. ಬೆಳೆ ತಿಂದಿತು ಅಂತ ಅದನ್ನ ಹೊಡೆಯೋಕೆ ಅನುಮತಿ ಕೊಡೋ ದಾರಿಯೇ ಕಾಯ್ದೇಲಿ ಇಲ್ಲ. ಒಂದೇ ಹೊಲ, ಒಂದೇ ರಾತ್ರಿ, ಟಾರ್ಚ್ ಬೆಳಕಲ್ಲಿ ಮಿನುಗೋ ಎರಡು ಕಣ್ಣು. ಕೆಳಗೆ ಹಂದಿ ಟ್ಯಾಗು, ಮೇಲೆ ಅವಸರದ ಬೆರಳು. ಬೆಳಿಗ್ಗೆ ಬಿದ್ದಿರೋದು ಜಿಂಕಿ ಆದರೆ ಅದು ಹಂದಿ ಆಗಿಬಿಡುತ್ತೆ, ಲೆಕ್ಕದ ಪುಸ್ತಕದಲ್ಲಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು. ಲೈಸೆನ್ಸ್ ಬಂತು ಅಂತಲೇ ಇಟ್ಟುಕೊಳ್ಳಿ. ಯಾರಿಗೆ ಸಿಗುತ್ತೆ? ಬಂದೂಕಿನ ಲೈಸೆನ್ಸ್ ಯಾರ ಮನೇಲಿದೆಯೋ, ಜೀಪು ಯಾರ ಹತ್ತಿರ ಇದೆಯೋ, ಆ ಅಲ್ಯೂಮಿನಿಯಂ ಕುರ್ಚಿ ಯಾರು ತರಿಸಬಲ್ಲರೋ ಅವರಿಗೆ. ನಮ್ಮ ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿಗಳು ಅಂತ ಒಂದು ಸಮುದಾಯವೇ ಇದೆ, ಹೆಸರಲ್ಲೇ ಶಿಕಾರಿ ಇದೆ. ಬಲೆ, ಉರುಳು, ನಾಯಿ ಇಟ್ಟುಕೊಂಡು ಹೊಟ್ಟೆ ಹೊರೆದವರು. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಅಲೆಮಾರಿಗಳನ್ನ ಹುಟ್ಟಿನಿಂದಲೇ ಕಳ್ಳರು ಅಂದರು. 1952ರಲ್ಲಿ ಆ ಕಾಯ್ದೆ ಹೋಯಿತು, ಜನರ ಕಣ್ಣಲ್ಲಿ ಹೋಗಿಲ್ಲ. ಆಮೇಲೆ 1972 ಬಂತು, ಬಲೆ ಹಿಡಿದವನ ಕಸುಬೇ ಅಪರಾಧ ಆಯ್ತು. ಕಾಡುಪ್ರಾಣಿ ಉಳಿಯಬೇಕು, ಅದಕ್ಕಾಗಿ ಅವರು ಕಸುಬು ಬಿಡಬೇಕು ಅಂತ ಹೇಳಿದ್ದು ನಾವೇ. ಈಗ ಅದೇ ನಾವು, ರೊಕ್ಕ ಕಟ್ಟಿದವನಿಗೆ ಮರದ ಮೇಲೆ ಕುರ್ಚಿ ಹಾಕಿ ಕೊಡೋಣ ಅಂದರೆ ಯಾವ ಮುಖ ಇಟ್ಟುಕೊಂಡು ಆ ಮನುಷ್ಯನ ಮುಂದೆ ನಿಲ್ಲೋದು? ಹಸಿವಿಗೆ ಹೊಡೆದರೆ ಜೈಲು, ಹವ್ಯಾಸಕ್ಕೆ ಹೊಡೆದರೆ ರಸೀದಿ!

ಹಾಗಂತ ಊರಿನ ಸಂಪ್ರದಾಯ ಅಂತ ಹೇಳಿಕೊಂಡು ಹೊಡೆಯೋದನ್ನೂ ನಾನು ವಹಿಸಿಕೊಳ್ಳಲ್ಲ. 2025ರ ಯುಗಾದಿ ಹೊತ್ತಿಗೆ ನಮ್ಮದೇ ಜಿಲ್ಲೆಯ ತುರ್ವಿಹಾಳದಲ್ಲಿ ಮೊಲ ಹೊಡೆದು ಮೆರವಣಿಗೆ ಮಾಡಿದ ವಿಡಿಯೋ ರಾಜ್ಯ ಎಲ್ಲ ನೋಡಿತು. ಶಾಸಕರ ಮನೆಯವರ ಮೇಲೆ ಕೇಸೂ ಆಯ್ತು. ಆಗ "ಅನಾಗರಿಕರು" ಅಂತ ಮೂಗು ಮುರಿದವರಲ್ಲಿ ಕೆಲವರೇ ಈಗ ಅಮೆರಿಕ ಮಾದರಿ ಅಂತಿದ್ದಾರೆ. ಈಟಿ ಹಿಡಿದು ಓಡಿದರೆ ಅನಾಗರಿಕ, ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಮರದ ಮೇಲೆ ಕೂತರೆ ವನ್ಯಜೀವಿ ನಿರ್ವಹಣೆ. ಮೊಲದ ಕಡೆಯಿಂದ ನೋಡಿದರೆ ಎರಡೂ ಒಂದೇ ಅಲ್ವಾ?

ಇನ್ನೊಂದು ಗುಂಪು ಇದೆ, ಅವರು ನಮ್ಮ ಬ್ಲಾಗ್ ಮಂದಿಯಲ್ಲೇ ಹೆಚ್ಚು :-) ತೇಜಸ್ವಿ ಕನ್ನಡಕ್ಕೆ ತಂದ ಆಂಡರ್ಸನ್ ಕಾಡಿನ ಕಥೆಗಳನ್ನ ಹೈಸ್ಕೂಲಲ್ಲಿ ಓದಿ ಇವತ್ತಿಗೂ ಮಚಾನಿನ ಮೇಲೆ ಕೂತವರು. ನಾನೂ ಓದಿದ್ದೀನಿ, ರಾತ್ರಿ ಹೊರಗೆ ಹೋಗೋಕೆ ಹೆದರಿದ್ದೀನಿ. ಆದರೆ ಆ ಕಥೆಗಳಲ್ಲಿ ಮನುಷ್ಯರನ್ನ ತಿಂದ ಪ್ರಾಣಿ ಇದೆ, ಹೆಣ ಬಿದ್ದ ಊರಿದೆ. ಕಥೆಯಿಂದ ಮಚಾನು ಮಾತ್ರ ಕಿತ್ತುಕೊಂಡು ಬಂದು ಶೇಂಗಾ ಹೊಲದಂಚಿಗೆ ಕಟ್ಟೋಕಾಗಲ್ಲ. ಬೇಟೆಯ ಶೌರ್ಯವೇ ಬೇಕು ಅಂದರೆ ಮಂಡ್ಯ ಜಿಲ್ಲೆಯ ಆತಕೂರು ಶಾಸನ ನೆನಪು ಮಾಡಿಕೊಳ್ಳಿ, ಸುಮಾರು ಕ್ರಿ.ಶ. 950ರದು. ಹಂದಿಯ ಜೊತೆ ಎದುರುಬದುರು ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ಕಲ್ಲು ನಿಲ್ಲಿಸಿದ್ದಾರೆ. ಹಂದಿಗೆ ಎದುರು ನಿಂತು ಸತ್ತ ಮನುಷ್ಯರಿಗೂ ನಮ್ಮಲ್ಲಿ ವೀರಗಲ್ಲುಗಳಿವೆ. ಮರದ ಮೇಲೆ ಕೂತು ಕೆಳಗಿನ ಹಂದಿ ಹೊಡೆದವನಿಗೆ ಯಾರಾದರೂ ಕಲ್ಲು ನೆಟ್ಟಿದ್ದನ್ನ ನಾನಂತೂ ನೋಡಿಲ್ಲ.

ಹಾಗಾದರೆ ರೈತ ಏನು ಮಾಡಬೇಕು ಅಂತ ಕೇಳ್ತೀರಿ. ಕೇಳಲೇಬೇಕು, ಯಾಕಂದರೆ ಒಂದು ರಾತ್ರಿಗೆ ಅರ್ಧ ಎಕರೆ ಶೇಂಗಾ ಮಗುಚಿ ಹಾಕಿದ್ದನ್ನ ನೋಡಿದವನಿಗೆ ನನ್ನ ಈ ಕಾನೂನು, ಶಾಸನ ಎಲ್ಲ ಉಪದೇಶ ಅನ್ನಿಸುತ್ತೆ. ನಮ್ಮ ಹೊಲಗಳಲ್ಲಿ ಮೊದಲಿಂದ ಒಂದು ಅಟ್ಟಣಿಗೆ ಇತ್ತು. ನಾಲ್ಕು ಗೂಟ, ಮೇಲೊಂದು ಹಂದರ, ಕೈಯಲ್ಲಿ ಕವಣಿ, ಕೂಗೋಕೆ ಗಂಟಲು. ಮಂಚಿಕೆ ಅಂತಾರೆ ಅದಕ್ಕೆ. ಮಚಾನು, ಮಂಚಿಕೆ ಎರಡಕ್ಕೂ ತಾಯಿ ಒಂದೇ, ಮಂಚ. ಒಂದು ಕೊಲ್ಲೋಕೆ, ಇನ್ನೊಂದು ಕಾಯೋಕೆ. ಮಂಚಿಕೆಗಳು ಯಾಕೆ ಕಡಿಮೆಯಾದವು ಅಂದರೆ ಕಾಯೋರಿಲ್ಲ. ಹುಡುಗರು ಬೆಂಗಳೂರಿಗೋ ಪುಣೆಗೋ ದುಡಿಯೋಕೆ ಹೋದರು, ನಾನೂ ಅವರಲ್ಲೊಬ್ಬ. ಅರವತ್ತು ದಾಟಿದವರು ಎಷ್ಟು ರಾತ್ರಿ ಎಚ್ಚರ ಇದ್ದಾರು? ಅದಕ್ಕೇ ಕೆಲವರು ತಂತಿಗೆ ಕರೆಂಟು ಬಿಡ್ತಾರೆ, ಅದು ಹಂದೀನೂ ಕೊಲ್ಲುತ್ತೆ, ಪಕ್ಕದ ಹೊಲದವನನ್ನೂ ಕೊಲ್ಲುತ್ತೆ.

ನಮ್ಮ ಕಾಕಾಗೆ ಅಮೆರಿಕದ ಫೋಟೋ ತೋರಿಸಿದ್ದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದ. "ಚಲೋ ಐತಿ ಬಿಡಪ. ಇದ್ರ ಮ್ಯಾಲೆ ಕುಂತು ಹೊಲ ಕಾಯಾಕ ಒಬ್ಬನ್ನ ಕಳಸು ಅನ್ನು ನಿಮ್ಮ ದೋಸ್ತಗ. ಬಂದೂಕ ಬ್ಯಾಡ, ಒಂದು ಡಬ್ಬಿ ಇದ್ರ ಸಾಕು, ಬಡಿಯಾಕ" ಅಂದ. ಕಾಕಾ ಕೇಳಿದ್ದು ಅಷ್ಟೇ: ರಾತ್ರಿ ಕಾಯೋಕೆ ಒಬ್ಬ ಆಳಿನ ಕೂಲಿ. ಬಿತ್ತಿದಾಗಿನಿಂದ ಕಾಳು ಮನೆಗೆ ಬರೋವರೆಗೆ ಊರಿನ ಹೊಲಗಳಿಗೆಲ್ಲ ಸೇರಿಸಿ ಕಾವಲು ಹಾಕಿ, ಆ ಕೂಲಿಯನ್ನ ಸರ್ಕಾರ ಕೊಟ್ಟರೆ, ಹಾಳಾದ ಬೆಳೆಗೆ ಮುಂದಿನ ಬಿತ್ತನೆ ಒಳಗೆ ಪರಿಹಾರ ಬಂದರೆ, ಯಾವ ರೈತನೂ ಬಂದೂಕು ಕೇಳಲ್ಲ. ಕಾಯೋ ಕೆಲಸಕ್ಕೆ ಪ್ರಾಣಿಯ ದಾರಿ, ಹೊತ್ತು, ಹೆಜ್ಜೆ ಬಲ್ಲವರೇ ಬೇಕು ಅಂದರೆ ಹರಣಶಿಕಾರಿಗಳಿಗಿಂತ ಬಲ್ಲವರು ನಮ್ಮ ಜಿಲ್ಲೇಲಿ ಯಾರಿದ್ದಾರೆ? ಕೂಲಿ ಕೊಟ್ಟು ಕರೀಲಿ. ಅಷ್ಟಾಗಿಯೂ ಹಂದಿ ನಿಲ್ಲಲಿಲ್ಲ ಅಂದರೆ 11ನೇ ಸೆಕ್ಷನ್ ಇದ್ದೇ ಇದೆ, ಇಲಾಖೆಯವರು ಬಂದು ತಾವೇ ನಿಂತು ಮಾಡಲಿ.

ಸಿಂಧನೂರಿನ ದೋಸ್ತ ಇದನ್ನ ಓದಿ ಬೈದು ಕಾಮೆಂಟ್ ಹಾಕ್ತಾನೆ ಅಂತ ಗೊತ್ತು, ಹಾಕಲಿ. ನಿಮ್ಮ ಊರ ಕಡೆ ರಾತ್ರಿ ಹೊಲ ಈಗ ಯಾರು ಕಾಯ್ತಾರೆ, ಕೂಲಿ ಎಷ್ಟು, ಮಂಚಿಕೆಗೆ ಏನಂತ ಕರೀತಾರೆ? ಅದನ್ನೂ ಬರೀರಿ.