ಸಂಸಾರದ ಲೆಕ್ಕ: ರಾಜೀನಾಮೆಗೆ ಮುಂಚೆ

ಗೌರಿಬಿದನೂರು ತಾಲ್ಲೂಕಿನ ಅಲೀಪುರದಿಂದ ಹಿರಿಯರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಹರಳು ರತ್ನಗಳ ವ್ಯಾಪಾರಕ್ಕೆ ಹೆಸರಾದ ಆ ಊರಿನಲ್ಲಿ ಅವರದೂ ಹರಳಿನ ಕಸುಬೇ. ಅವರ ಹಿರಿಯ ಮಗಳು ಗೌರಿಬಿದನೂರಿನ ಕಡೆಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ. ಮೂಲವೇತನವೂ ತುಟ್ಟಿಭತ್ಯೆಯೂ ಸೇರಿ ತಿಂಗಳಿಗೆ 26,000 ರೂಪಾಯಿ. ಕೆಲಸಕ್ಕೆ ಸೇರಿ 4 ವರ್ಷ 8 ತಿಂಗಳಾಗಿದೆ. ಈಗ ಆಕೆಗೆ ಏಳು ತುಂಬಿ ಎಂಟರಲ್ಲಿ ಬಿದ್ದಿದೆ, ಚೊಚ್ಚಲು. ಮಗುವಾದ ಮೇಲೆ ಆಕೆ ಮನೆಯಲ್ಲಿಯೇ ಇರತಕ್ಕದ್ದೆಂದು ತವರಿನವರೂ ಗಂಡನ ಮನೆಯವರೂ ನಿಶ್ಚಯಿಸಿದ್ದಾರೆ. ಹುಡುಗಿಯ ಮನಸ್ಸೂ ಹಾಗೆಯೇ ಇದೆಯಂತೆ. ಕಾಗದದ ಕೊನೆಯಲ್ಲಿ ಅವರು ಕೇಳುತ್ತಾರೆ: "ಹಿಂದಕ್ಕೆ ಹೋಗುವುದಿಲ್ಲವೆಂದು ತಿಳಿದೂ ತಿಳಿದೂ ಆರು ತಿಂಗಳ ಸಂಬಳ ಎಣಿಸಿಕೊಳ್ಳುವುದು ಉಂಡ ಉಪ್ಪಿಗೆ ದ್ರೋಹವಲ್ಲವೆ? ಈಗಲೇ ರಾಜೀನಾಮೆ ಕೊಟ್ಟು ಗೌರವದಿಂದ ಬಂದುಬಿಡಮ್ಮಾ ಎಂದಿದ್ದೇನೆ. ತಾವೇನು ಹೇಳುತ್ತೀರಿ?"

ಇಂಥ ಪ್ರಶ್ನೆಯನ್ನು ಕೇಳುವ ಮನೆ ಒಳ್ಳೆಯ ಮನೆಯೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಹಿರಿಯರಲ್ಲಿ ನಮ್ಮ ಮೊದಲ ವಿಜ್ಞಾಪನೆ ಇದು: ರಾಜೀನಾಮೆಯನ್ನು ಇನ್ನೂ ಕಳುಹಿಸಿಲ್ಲವಾದರೆ ದಯಮಾಡಿ ಕಳುಹಿಸಬೇಡಿ.

ಹೆರಿಗೆಯ ರಜೆಯ ವೇತನವು ಮುಂದೆ ಮಾಡಲಿರುವ ಕೆಲಸಕ್ಕೆ ಕೊಟ್ಟ ಮುಂಗಡವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಶಾಸನದ ಭಾವ ಹಾಗಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಯು ತಾಯಿಯಿಂದ ಕೇಳಿದ್ದು ಒಂದೇ ಮಾತು: ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಆಕೆ 80 ದಿನವಾದರೂ ಆ ಯಜಮಾನನಲ್ಲಿ ದುಡಿದಿರಬೇಕು. ಹಿಂದೆ ದುಡಿದುದನ್ನು ಕೇಳಿತೇ ಹೊರತು ಮುಂದೆ ದುಡಿಯುವುದನ್ನು ಕೇಳಲಿಲ್ಲ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅದರಲ್ಲಿ ಹೆರಿಗೆಗೆ ಮುಂಚೆ 8 ವಾರದವರೆಗೆ ತೆಗೆದುಕೊಳ್ಳಬಹುದು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಈ 80 ದಿನ, 26 ವಾರಗಳನ್ನು ಅದು ಹಾಗೆಯೇ ಉಳಿಸಿಕೊಂಡಿದೆ. ರಜೆ ಮುಗಿದ ಮೇಲೆ ಹಿಂದಿರುಗದ ತಾಯಿಯು ಪಡೆದ ಹಣವನ್ನು ಮರಳಿಸತಕ್ಕದ್ದೆಂದು ಎರಡರಲ್ಲಿಯೂ ಇಲ್ಲ.

ಇನ್ನೊಂದು ಮಾತು. ರಜೆಗಾಗಿ ಆಕೆ ಕೊಡಬೇಕಾದ ಸೂಚನಾಪತ್ರದಲ್ಲಿ ಏನೇನಿರಬೇಕೆಂದು ಶಾಸನವೇ ಹೇಳುತ್ತದೆ: ಯಾವ ತೇದಿಯಿಂದ ಗೈರುಹಾಜರಾಗುವೆನೆಂಬುದು, ಹಣವನ್ನು ಯಾರಿಗೆ ಸಲ್ಲಿಸಬೇಕೆಂಬುದು, ಆ ಅವಧಿಯಲ್ಲಿ ಬೇರೆಲ್ಲಿಯೂ ಕೆಲಸ ಮಾಡುವುದಿಲ್ಲವೆಂಬುದು. ಹಿಂದಿರುಗಿ ಬರುವೆನೆಂಬ ವಾಗ್ದಾನಕ್ಕೆ ಅಲ್ಲಿ ಸ್ಥಳವೇ ಇಲ್ಲ. ಕೊಡದ ಮಾತನ್ನು ಮುರಿದಂತಾಗುವುದು ಹೇಗೆ? ಬೇರೆಲ್ಲಿಯೂ ದುಡಿಯುವುದಿಲ್ಲವೆಂಬ ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ನಡೆಸಬೇಕು. ಹೊತ್ತು ಹೋಗದೆಂದು ಬಾಣಂತಿಯು ಆ ತಿಂಗಳುಗಳಲ್ಲಿ ಮತ್ತೊಬ್ಬರ ಅಂಗಡಿಯ ಲೆಕ್ಕವನ್ನು ಸಂಬಳಕ್ಕೆ ಬರೆದುಕೊಟ್ಟರೆ ಹಕ್ಕಿಗೇ ಚ್ಯುತಿ ಬರುತ್ತದೆ. ಉಪ್ಪಿನ ಪ್ರಶ್ನೆ ಏಳುವುದಾದರೆ ಅಲ್ಲಿ ಏಳಬೇಕು.

ಈಗ ಅಂಕೆಗಳನ್ನು ನೋಡೋಣ. ಇಂದೇ ರಾಜೀನಾಮೆ ಕೊಟ್ಟರೆ ಹುಡುಗಿಯ ಕೈಗೆ ಬರುವುದು ಈ ತಿಂಗಳ ವೇತನ, ಮಿಕ್ಕಿರುವ ಸಂಬಳಸಹಿತ ರಜೆಯ ಹಣ, ತನ್ನ ಭವಿಷ್ಯನಿಧಿ, ಅಷ್ಟೆ. ರಜೆಯ ಮೇಲೆ ಹೋಗಿ ಅದು ಮುಗಿದ ಮೇಲೆ ಬಿಟ್ಟರೆ, ಮೊದಲನೆಯದಾಗಿ ಸುಮಾರು ಆರು ತಿಂಗಳ ವೇತನ, ಎಂದರೆ 1,56,000 ರೂಪಾಯಿಯ ಆಸುಪಾಸು. ಎರಡನೆಯದನ್ನು ಹಿರಿಯರು ತಮ್ಮ ಕಾಗದದಲ್ಲಿ ಎತ್ತಿಯೇ ಇಲ್ಲ. ಅದು ಉಪದಾನ, ಕಾರ್ಖಾನೆಯವರ ಬಾಯಲ್ಲಿ ಗ್ರಾಚ್ಯುಯಿಟಿ. ಖಾಯಂ ಕೆಲಸದವರಿಗೆ ಅದು ದೊರೆಯಬೇಕಾದರೆ 5 ವರ್ಷದ ಅವಿಚ್ಛಿನ್ನ ಸೇವೆ ಬೇಕು. ಹುಡುಗಿಗೆ ಆಗಿರುವುದು 4 ವರ್ಷ 8 ತಿಂಗಳು. ಆದರೆ 26 ವಾರದವರೆಗಿನ ಹೆರಿಗೆಯ ರಜೆಯು ಸೇವೆಯೆಂದೇ ಗಣನೆಗೆ ಬರುತ್ತದೆ. ರಜೆ ಮುಗಿಯುವ ಹೊತ್ತಿಗೆ ಸೇವೆ 5 ವರ್ಷ 2 ತಿಂಗಳಾಗುತ್ತದೆ. ಆಗ ಪ್ರತಿವರ್ಷಕ್ಕೆ 15 ದಿನದ ವೇತನದಂತೆ, ತಿಂಗಳಿಗೆ 26 ದಿನವೆಂದು ಹಿಡಿದು, 15,000 ರೂಪಾಯಿ. ಐದು ವರ್ಷಕ್ಕೆ 75,000. ಎರಡೂ ಕೂಡಿ 2,31,000. ನಾಲ್ಕು ತಿಂಗಳ ಅವಸರಕ್ಕೆ ಇಷ್ಟು ಬೆಲೆ ತೆರಬೇಕೆ? ಹುಟ್ಟಲಿರುವ ಕೂಸಿನ ಹಣವನ್ನು ತಾತನೇ ಕೈಯಾರೆ ಕಳೆದಂತಾಗುತ್ತದೆ ಎಂದು ನಾವು ಬರೆದರೆ ಅವರು ಬೇಸರಪಡರೆಂದು ನಂಬಿದ್ದೇವೆ.

ರಜೆಯಲ್ಲಿರುವಾಗ ಆಕೆಯನ್ನು ಕೆಲಸದಿಂದ ತೆಗೆಯುವುದಾಗಲಿ, ನಷ್ಟವಾಗುವಂತೆ ಕೆಲಸದ ನಿಬಂಧನೆಗಳನ್ನು ಬದಲಾಯಿಸುವುದಾಗಲಿ ಶಾಸನವಿರುದ್ಧ. ರಾಜೀನಾಮೆಯಾದ ಬಳಿಕ ಬಾಕಿ ವೇತನವು ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕೆಂದು ಈಗಿನ ವೇತನ ಸಂಹಿತೆ ಹೇಳುತ್ತದೆ. ಉಪದಾನಕ್ಕೆ 30 ದಿನ.

ಭವಿಷ್ಯನಿಧಿಯ ವಿಚಾರಕ್ಕೆ ಬಂದರೆ, 2016ರ ಏಪ್ರಿಲಿನಲ್ಲಿ ಬೆಂಗಳೂರು ಕಂಡದ್ದನ್ನು ವಾಚಕರು ಮರೆತಿರಲಾರರು. ಯಜಮಾನರ ಪಾಲಿನ ಹಣವನ್ನು 58 ವರ್ಷವಾಗುವವರೆಗೆ ತೆಗೆಯಕೂಡದೆಂದು ಕೇಂದ್ರದವರು ಆ ವರ್ಷದ ಫೆಬ್ರವರಿಯಲ್ಲಿ ಆಜ್ಞೆ ಹೊರಡಿಸಿದ್ದರು. ಏಪ್ರಿಲ್ 18 ಮತ್ತು 19ರಂದು ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಂಗಸರು ಕೆಲಸ ಬಿಟ್ಟು ರಸ್ತೆಗಿಳಿದರು. ಹೊಸೂರು ರಸ್ತೆಯಲ್ಲಿ ಗಾಡಿಗಳು ನಿಂತವು. ಎರಡನೆಯ ದಿನವೇ ಸರ್ಕಾರದವರು ಆಜ್ಞೆಯನ್ನು ಹಿಂತೆಗೆದುಕೊಂಡರು. ಗಲಾಟೆ ದೊಂಬಿಗಳಾದುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆ ಹೆಂಗಸರಿಗೆ ಅಷ್ಟು ಸಿಟ್ಟು ಬಂದದ್ದೇಕೆಂಬುದನ್ನು ಬಲ್ಲೆವು. ಹೊಲಿಗೆಯ ಯಂತ್ರದ ಮುಂದೆ ಕುಳಿತವಳಿಗೆ 58 ಎಂಬುದು ಬಹು ದೂರದ ಮಾತು. ಹೆರಿಗೆ, ಮಗುವಿನ ಕಾಯಿಲೆ, ಶಾಲೆಯ ಶುಲ್ಕ, ಇವೇ ಆಕೆಯ ಮುಪ್ಪು. ಅವು ಇಪ್ಪತ್ತೈದರಲ್ಲಿಯೇ ಬರುತ್ತವೆ.

ಹಾಗೆಂದು ಕೆಲಸ ಬಿಟ್ಟೊಡನೆ ನಿಧಿಯನ್ನು ಬಳಿದುಕೊಳ್ಳಿರೆಂದು ನಾವು ಹೇಳೆವು. ಪೂರ್ಣ ಹಣ ತೆಗೆಯುವುದಕ್ಕೆ ಕೆಲಸ ಬಿಟ್ಟ ಮೇಲೆ ಕಾಯಬೇಕಾದ ಅವಧಿಯಿದೆ. 5 ವರ್ಷ ತುಂಬುವ ಮೊದಲೇ ತೆಗೆದರೆ ಆದಾಯ ತೆರಿಗೆಯ ಬಾಧೆಯೂ ಉಂಟು. ಬಿಟ್ಟಿದ್ದರೆ ಬಡ್ಡಿ ಬೆಳೆಯುತ್ತದೆ. ಅದರೊಳಗೆ ಅಡಗಿರುವ ಪಿಂಚಣಿಯ ಭಾಗವನ್ನಂತೂ ಮುಟ್ಟದಿರುವುದು ಲೇಸು. 10 ವರ್ಷದ ಸೇವೆ ಕೂಡಿದರೆ 58ರಲ್ಲಿ ತಿಂಗಳ ಪಿಂಚಣಿ. ನಡುವೆ ಬಿಟ್ಟವರು ಆ ಹಣವನ್ನು ತೆಗೆಯದೆ ಯೋಜನಾ ಪ್ರಮಾಣಪತ್ರವನ್ನು ಪಡೆದಿಟ್ಟುಕೊಂಡರೆ, ಮಗು ಶಾಲೆಗೆ ಹೋಗುವ ಕಾಲದಲ್ಲಿ ಮತ್ತೆ ಕೆಲಸಕ್ಕೆ ಸೇರಿದಾಗ ಹಿಂದಿನ 5 ವರ್ಷವೂ ಮುಂದಿನದಕ್ಕೆ ಕೂಡುತ್ತದೆ. ಇದನ್ನು ತಿಳಿಯದೆ ಕೆಲವು ಸಾವಿರಕ್ಕಾಗಿ ಪಿಂಚಣಿಯನ್ನು ಕಳೆದುಕೊಂಡ ಸೋದರಿಯರು ಬಹಳ.

ಇವಿಷ್ಟೂ ಹಿಂದಿನ ದುಡಿಮೆಯ ಫಲ. ಕೆಲಸ ಬಿಟ್ಟು ಮಗುವನ್ನು ಸಾಕುವ ತಾಯಿಗೆಂದೇ ತಿಂಗಳು ತಿಂಗಳು ಕೊಡುವ ಹಣ ನಮ್ಮ ದೇಶದಲ್ಲಿಲ್ಲ. ಜರ್ಮನಿಯಲ್ಲಿ 2007ರಿಂದ ತಾಯಿಗಾಗಲಿ ತಂದೆಗಾಗಲಿ ಹಿಂದಿನ ಆದಾಯದ ಮೂರರಲ್ಲಿ ಎರಡು ಪಾಲಿನಷ್ಟನ್ನು ಒಂದು ವರ್ಷದವರೆಗೆ ಸರ್ಕಾರವೇ ಕೊಡುತ್ತದೆ. ಇಬ್ಬರೂ ಹಂಚಿಕೊಂಡರೆ ಇನ್ನೆರಡು ತಿಂಗಳು ಹೆಚ್ಚು. ನಮ್ಮಲ್ಲಿ ಖಾಸಗಿ ಕೆಲಸದ ತಂದೆಗೆ ಒಂದು ದಿನದ ರಜೆಯನ್ನೂ ಶಾಸನ ಕೊಟ್ಟಿಲ್ಲ. ಕರ್ನಾಟಕ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ 180 ದಿನದ ಶಿಶುಪಾಲನಾ ರಜೆಯಿದೆ. ಕಾರ್ಖಾನೆಯ ಹೆಣ್ಣುಮಗಳಿಗೆ ಅದೂ ಇಲ್ಲ.

ಆದಕಾರಣ ಕೆಲಸ ಬಿಡುವ ನಿಶ್ಚಯವನ್ನೇ ಇನ್ನೊಮ್ಮೆ ಆಲೋಚಿಸಬಾರದೆ ಎಂದು ಕೇಳುವ ಧೈರ್ಯ ಮಾಡುತ್ತೇವೆ. ಐವತ್ತು ಜನಕ್ಕೆ ಕಡಿಮೆಯಿಲ್ಲದೆ ಕೆಲಸಗಾರರಿರುವ ಕಡೆ ಶಿಶುವಿಹಾರವಿರಬೇಕು; ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು; ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆರಡು ಬಿಡುವು ಕೊಡಬೇಕು. ಲೆಕ್ಕಪತ್ರದ ಕೆಲಸವಾದುದರಿಂದ ಕೆಲವು ಕಾಲ ಮನೆಯಿಂದಲೇ ಮಾಡಲು ಯಜಮಾನರು ಒಪ್ಪಿದರೆ ಶಾಸನದಲ್ಲಿ ಅದಕ್ಕೂ ಎಡೆಯಿದೆ. ಇದನ್ನೆಲ್ಲ ಹುಡುಗಿ ಕಾರ್ಖಾನೆಯವರನ್ನು ಬರವಣಿಗೆಯಲ್ಲಿ ಕೇಳಲಿ. ಈಗ ಬೇಡವೆಂದಿರುವ ಮನಸ್ಸು ಮಗುವಿಗೆ ಐದು ತಿಂಗಳಾದಾಗ ಏನೆನ್ನುವುದೋ ಯಾರು ಬಲ್ಲರು? ರಜೆಯ ಮೇಲೆ ಹೋದವಳಿಗೆ ಹಿಂದಿರುಗುವ ಬಾಗಿಲು ತೆರೆದಿರುತ್ತದೆ. ರಾಜೀನಾಮೆ ಕೊಟ್ಟವಳಿಗೆ ಅದಿಲ್ಲ.

ಅದೇ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಮಾಡುವ ಅಲೀಪುರದ ಇತರ ಹೆಣ್ಣುಮಕ್ಕಳಿಗೂ ಒಂದು ಮಾತು. ತಿಂಗಳಿಗೆ 21,000 ರೂಪಾಯಿಯವರೆಗೆ ವೇತನವಿರುವವರು ಕಾರ್ಮಿಕರ ರಾಜ್ಯ ವಿಮೆಗೆ ಸೇರುತ್ತಾರೆ. ಅವರಿಗೆ 26 ವಾರದ ಹಣವನ್ನು ಕೊಡುವವರು ಕಾರ್ಖಾನೆಯವರಲ್ಲ, ವಿಮೆಯ ನಿಗಮದವರು. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಸಂದಿದ್ದರೆ ಸಾಕು. ಪ್ರತಿ ನೂರು ರೂಪಾಯಿಗೆ ಹೆಣ್ಣುಮಗಳು 75 ಪೈಸೆ, ಯಜಮಾನರು ಮೂರೂಕಾಲು ರೂಪಾಯಿ ತಿಂಗಳು ತಿಂಗಳು ಕಟ್ಟಿಯೇ ಬಂದಿರುತ್ತಾರೆ. ಅಲ್ಲಿ ಉಪ್ಪಿನ ಋಣದ ಮಾತೇ ಬರುವುದಿಲ್ಲ.

ಹಿರಿಯರ ಕಾಗದದಲ್ಲಿ ಇನ್ನೊಂದು ಸಾಲಿದೆ. ಅವರ ಸೊಸೆಗೂ ಈಗ ಐದು ತಿಂಗಳು. ಆಕೆಗೂ ಇದೇ ಮೊದಲ ಮಗು. ಮನೆಯಲ್ಲಿಯೇ ಕುಳಿತು ಹರಳುಗಳನ್ನು ಬಣ್ಣಕ್ಕೆ ತಕ್ಕಂತೆ ಆರಿಸಿಕೊಟ್ಟು ನಾಲ್ಕು ಕಾಸು ಕಾಣುತ್ತಾಳಂತೆ. ಆಕೆಗೆ "ಏನೂ ಬರುವುದಿಲ್ಲವಷ್ಟೆ" ಎಂದು ಬರೆದು ಮುಗಿಸಿದ್ದಾರೆ. ಬರುತ್ತದೆ. ಕಾರ್ಖಾನೆಯ ಹೆರಿಗೆ ವೇತನವನ್ನು ಪಡೆಯುವ ಮಗಳಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಸಲ್ಲುವುದಿಲ್ಲ. ಅಂಥ ವೇತನವಿಲ್ಲದ ಸೊಸೆಗೆ ಸಲ್ಲುತ್ತದೆ. ಬಿಪಿಎಲ್ ಪಡಿತರ ಚೀಟಿಯೋ ಇ-ಶ್ರಮ್ ಚೀಟಿಯೋ ಇದ್ದರೆ ಅಂಗನವಾಡಿಯಲ್ಲಿ ಹೆಸರು ಬರೆಯಿಸಬೇಕು. ಮೊದಲ ಮಗುವಿಗೆ 5,000 ರೂಪಾಯಿ: ಹೆಸರು ಬರೆಯಿಸಿ ವೈದ್ಯರ ಪರೀಕ್ಷೆಯಾದ ಮೇಲೆ 3,000, ಮಗುವಿನ ಜನನ ನೋಂದಣಿಯೂ ಮೊದಲ ಸುತ್ತಿನ ಲಸಿಕೆಗಳೂ ಆದ ಮೇಲೆ 2,000. ಎರಡನೆಯದು ಹೆಣ್ಣಾದರೆ 6,000. ದೊಡ್ಡ ಮೊತ್ತವಲ್ಲ, ಆದರೆ ತಾಯಿಯ ಖಾತೆಗೇ ಬರುವ ಹಣ. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಬರೆದವರಿಗೆ ಮಾತ್ರ ಸೇರತಕ್ಕದ್ದು. ಬಹುಪಾಲು ಮನೆಗಳಲ್ಲಿ ಅವರು ಅತ್ತೆಯವರು. ಅದರಲ್ಲಿ ಸೊಸೆಗೆಷ್ಟು ಎಂಬುದು ಅತ್ತೆಯವರ ಔದಾರ್ಯಕ್ಕೆ ಬಿಟ್ಟದ್ದು, ಅದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ಅಲೀಪುರದ ಹಿರಿಯರು ಈ ಪುಟವನ್ನು ಮಗಳ ಕೈಗೇ ಕೊಡಲಿ. ಆಕೆ ಲೆಕ್ಕ ಬಲ್ಲವಳು. ನಮ್ಮ ಕೂಡುವಿಕೆಯಲ್ಲಿ ತಪ್ಪಿದ್ದರೆ ತಿದ್ದಲಿ. ನೇಮಕದ ಕಾಗದದಲ್ಲಿ ಬರೆದಿರುವ ಸೇರಿದ ತೇದಿ ಮತ್ತು ರಾಜೀನಾಮೆಗೆ ಎಷ್ಟು ದಿನದ ಮುನ್ಸೂಚನೆ ಬೇಕೆಂಬುದು, ಈ ಎರಡನ್ನು ನಮಗೆ ಬರೆದರೆ ಕಡೆಗೆ ಬಿಡುವುದೇ ನಿಶ್ಚಯವಾದಲ್ಲಿ ರಾಜೀನಾಮೆಗೆ ಯಾವ ತೇದಿ ಹಾಕಬೇಕೆಂಬುದನ್ನು ಮುಂದಿನ ತಿಂಗಳು ಎಣಿಸಿ ತಿಳಿಸುವೆವು.