ರಸಾಯನದ ಲೆಕ್ಕಕ್ಕೂ ಅನ್ವಯ ಬೇಕು

ಹಳಗನ್ನಡದ ಪದ್ಯವೊಂದನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ಮೊದಲು ಪದವಿಭಾಗ ಮಾಡುತ್ತಾನೆ. ಬಳಿಕ ಅನ್ವಯ, ಆಮೇಲೆ ತಾತ್ಪರ್ಯ. ಅದೇ ವಿದ್ಯಾರ್ಥಿಯು ರಸಾಯನಶಾಸ್ತ್ರದ ಲೆಕ್ಕದ ಮುಂದೆ ಕುಳಿತಾಗ ಈ ಶಿಸ್ತನ್ನೆಲ್ಲ ಮರೆತು, ಕಣ್ಣಿಗೆ ಬಿದ್ದ ಅಂಕಿಗಳನ್ನು ಕಂಠಪಾಠವಾದ ಸೂತ್ರದೊಳಗೆ ತುರುಕಿಬಿಡುತ್ತಾನೆ. ಉತ್ತರ ತಪ್ಪಿದರೆ 'ಹುಡುಗ ಗಣಿತದಲ್ಲಿ ಹಿಂದೆ' ಎಂಬ ತೀರ್ಪು ಸಿದ್ಧವಾಗಿಯೇ ಇರುತ್ತದೆ. ಆ ತೀರ್ಪು ಬಹುಮಟ್ಟಿಗೆ ಅನ್ಯಾಯವಾದುದು. ಅವನು ಎಡವಿರುವುದು ಗುಣಾಕಾರದಲ್ಲಲ್ಲ, ವಾಕ್ಯದಲ್ಲಿ.

ಅನಿಲದ ಒಂದು ಲೆಕ್ಕವನ್ನು ನೋಡಬಹುದು. ಒತ್ತಡವು ಸ್ಥಿರವಾಗಿರಲು, 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 600 ಮಿಲಿಲೀಟರ್ ಗಾತ್ರವುಳ್ಳ ಅನಿಲದ ಉಷ್ಣತೆಯನ್ನು 100 ಡಿಗ್ರಿಯಷ್ಟು ಏರಿಸಿದರೆ ಅದರ ಗಾತ್ರವೆಷ್ಟು? 'ಅಷ್ಟು' ಎಂದಿರುವುದರಿಂದ ಹೊಸ ಉಷ್ಣತೆ 127 ಡಿಗ್ರಿ. ಚಾರ್ಲ್ಸನ ನಿಯಮಕ್ಕೆ ಬೇಕಾದುದು ನಿರಪೇಕ್ಷ ಉಷ್ಣತೆ. ಎರಡಕ್ಕೂ 273 ಕೂಡಿಸಿದರೆ 300 ಮತ್ತು 400 ಕೆಲ್ವಿನ್. ಉತ್ತರ 800 ಮಿಲಿಲೀಟರ್. '100 ಡಿಗ್ರಿಗೆ ಏರಿಸಿದರೆ' ಎಂದು ಕೇಳಿದ್ದರೆ ಉತ್ತರವು 746. ಒಂದು ಚತುರ್ಥೀ ವಿಭಕ್ತಿಯ ಬೆಲೆ 54 ಮಿಲಿಲೀಟರ್! 'ಸ್ಥಿರವಾಗಿರಲು' ಎಂಬ ಸತಿಸಪ್ತಮಿಯನ್ನು ಹಾರಿಸಿ ಓದಿದವನಿಗಂತೂ ಇಲ್ಲಿ ಯಾವ ನಿಯಮ ಸಲ್ಲುತ್ತದೆಂಬುದೇ ಹೊಳೆಯದು. ಇನ್ನು ಸೆಲ್ಸಿಯಸ್ ಅಂಕಿಗಳನ್ನೇ ಹಾಗೆಯೇ ಬಳಸಿದವನಿಗೆ 2,800ನ್ನೂ ಮೀರಿದ ಉತ್ತರ ದೊರೆಯುತ್ತದೆ. ಇಷ್ಟು ಕಾಯಿಸಿದ ಮಾತ್ರಕ್ಕೆ ಅನಿಲವು ನಾಲ್ಕು ಪಟ್ಟಿಗೂ ಮಿಕ್ಕಿ ಹಿಗ್ಗೀತೇ ಎಂದು ಅವನು ಶಂಕಿಸುವುದಿಲ್ಲ. ಶಂಕಿಸಲು ಯಾರೂ ಕಲಿಸಿಲ್ಲ. ಸೆಲ್ಸಿಯಸ್ಸಿನ ಸೊನ್ನೆಯು ನೀರು ಹೆಪ್ಪುಗಟ್ಟುವ ಬಿಂದುವೇ ಹೊರತು ಉಷ್ಣತೆಯ ಮೊದಲಲ್ಲ.

ಪರಮಾಣುಗಳ ಬಂಧದಲ್ಲಿಯೂ ಹೀಗೆಯೇ. ಮೆಗ್ನೀಸಿಯಂನ 12 ಎಲೆಕ್ಟ್ರಾನುಗಳು 2, 8, 2 ಎಂದೂ ಕ್ಲೋರಿನ್ನಿನ 17 ಎಲೆಕ್ಟ್ರಾನುಗಳು 2, 8, 7 ಎಂದೂ ಹಂಚಿಕೊಂಡಿವೆ. ಒಂದಕ್ಕೆ ಎರಡನ್ನು ಬಿಟ್ಟುಕೊಡಬೇಕಾಗಿದೆ, ಇನ್ನೊಂದಕ್ಕೆ ಒಂದೇ ಸಾಕು. ಆದುದರಿಂದ ಒಂದು ಮೆಗ್ನೀಸಿಯಂಗೆ ಎರಡು ಕ್ಲೋರಿನ್. ಸಕರ್ಮಕ ಕ್ರಿಯಾಪದದ ಆಕಾಂಕ್ಷೆಯನ್ನು ಬಲ್ಲ ಹುಡುಗನಿಗೆ ಇದು ಕಠಿಣವಲ್ಲ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಕಣಾದನ ಪರಮಾಣುವೇ ಡಾಲ್ಟನ್ನನ ಪರಮಾಣು ಎಂದು ಸಭೆಗಳಲ್ಲಿ ಸಾರುವವರಿದ್ದಾರೆ. ಹೆಸರೊಂದೇ, ವಸ್ತು ಬೇರೆ.

ಹೆಸರನ್ನು ನಂಬಿ ಕೆಟ್ಟುದಕ್ಕೆ 'ಆಮ್ಲಜನಕ'ವೇ ಸಾಕ್ಷಿ. ಆಮ್ಲಗಳೆಲ್ಲಕ್ಕೂ ಇದೇ ಮೂಲವೆಂದು ಲವಾಸಿಯೆ ಬಗೆದು ಇಟ್ಟ ಹೆಸರಿನ ಅನುವಾದವದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವಿಲ್ಲವೆಂದು ಹಂಫ್ರಿ ಡೇವಿ 1810ರಲ್ಲಿಯೇ ಸಾಧಿಸಿದನು. ಶಬ್ದವು ಉಳಿಯಿತು, ಉಳಿಯಲಿ, ಬಾಧಕವಿಲ್ಲ. ಆದರೆ ಅದರ ಇತಿಹಾಸವನ್ನು ಹೇಳುವ ಹೊಣೆ ಕನ್ನಡ ಅಧ್ಯಾಪಕರದೂ ಹೌದು.

ಪದವಿಪೂರ್ವ ತರಗತಿಗೆ ಹೋದೊಡನೆ ವಿಜ್ಞಾನವೆಲ್ಲ ಇಂಗ್ಲಿಷಾಗುವಾಗ ಈ ಶ್ರಮವೇಕೆ ಎಂದು ಕೇಳುವವರುಂಟು. 'ಗೆ' ಮತ್ತು 'ಅಷ್ಟು' ಇವುಗಳ ಭೇದವನ್ನು ತಾಯ್ನುಡಿಯಲ್ಲಿ ಅರಿತವನು ಇಂಗ್ಲಿಷಿನಲ್ಲಿಯೂ ಅದನ್ನು ಹುಡುಕುತ್ತಾನೆ. ಅರಿಯದವನಿಗೆ ಎರಡು ಭಾಷೆಗಳೂ ಕತ್ತಲೆಯೇ. ಹಳ್ಳಿಯಿಂದ ಬಂದು ಮಠದ ಪ್ರಸಾದನಿಲಯದಲ್ಲಿದ್ದು ಓದುವ ಬಾಲಕನು ಒಂದೆರಡು ತಪ್ಪು ಲೆಕ್ಕಗಳಿಗಾಗಿ ವಿಜ್ಞಾನವನ್ನೇ ತೊರೆಯುವುದು ಸಣ್ಣ ನಷ್ಟವಲ್ಲ. ದಾನಿಗಳು ಪ್ರಯೋಗಶಾಲೆ ಕಟ್ಟಿಸಿಕೊಡುವುದು ಸ್ತುತ್ಯ. ಅದರೊಡನೆ ಕನ್ನಡದ ಮತ್ತು ವಿಜ್ಞಾನದ ಅಧ್ಯಾಪಕರು ವಾರಕ್ಕೊಂದು ಅವಧಿ ಒಂದೇ ಕರಿಹಲಗೆಯ ಮುಂದೆ ನಿಂತು, ಸೂತ್ರವನ್ನು ಬರೆಯುವ ಮೊದಲು ಲೆಕ್ಕದ ವಾಕ್ಯವನ್ನು ಅನ್ವಯಿಸಿ ತೋರಿಸಲಿ. ಇದಕ್ಕೆ ಸೀಮೆಸುಣ್ಣದ ಹೊರತು ಬೇರೆ ವೆಚ್ಚವಿಲ್ಲ.